ಎಫ್‌ಐಆರ್‌ನಿಂದ ಖುಲಾಸೆವರೆಗೆ: ಠಾಣೆ, ಕೋರ್ಟಿನ ಮಾತುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2021ರಲ್ಲಿ ನಮ್ಮ ಬೀದಿಯ ಮೊಬೈಲ್ ಅಂಗಡಿಗೆ ರಾತ್ರಿ ಯಾರೋ ಬೀಗ ಮುರಿದು ನುಗ್ಗಿದ್ದರು. ಬೆಳಿಗ್ಗೆ ಹಾಲು ತರಲು ಹೋದ ನನ್ನನ್ನು ಪೊಲೀಸರು ಕರೆದು, "ಇಲ್ಲೊಂದು ಸಹಿ ಹಾಕಿ ಸಾರ್" ಅಂದರು. ಹಾಕಿದೆ, ಮರೆತೆ. ನಾಲ್ಕು ವರ್ಷದ ಮೇಲೆ ಕಾನ್‌ಸ್ಟೆಬಲ್ ಒಬ್ಬರು ಮನೆ ಬಾಗಿಲಿಗೆ ಬಂದು ನನ್ನ ಹೆಸರಿನ ಸಮನ್ಸ್ ಕೊಟ್ಟರು. ಅಮ್ಮ ದೇವರ ಮುಂದೆ ಕೂತುಬಿಟ್ಟರು. ಅಕ್ಕ "ಏನೋ ಮಾಡ್ಕೊಂಡೆ?" ಅಂದಳು. ಆಮೇಲೆ ವಕೀಲ ಗೆಳೆಯನೊಬ್ಬ ಕಾಗದ ನೋಡಿ ನಕ್ಕ. ನಾನು ಆರೋಪಿ ಅಲ್ಲ, ಬರೀ ಪಂಚ. ಅಂದರೆ ಪೊಲೀಸರು ಸ್ಥಳದಲ್ಲಿ ಬರೆದ ದಾಖಲೆಗೆ ಸಹಿ ಹಾಕಿದ ಸಾಕ್ಷಿ.

ಒಂದು ಪದ ಗೊತ್ತಿಲ್ಲದೆ ಇಡೀ ಮನೆ ಮೂರು ದಿನ ನಿದ್ದೆ ಕೆಡಿಸಿಕೊಂಡಿತ್ತು. ಆಗಿನಿಂದ ಆ ಗೆಳೆಯನ ತಲೆ ತಿಂದು ಕಲಿತಿದ್ದು ಇಲ್ಲಿದೆ. ಪ್ರಶ್ನೆಗಳೆಲ್ಲ ನೆಂಟರು, ಅಕ್ಕಪಕ್ಕದವರು ಕೇಳಿದವೇ. ನಾನು ವಕೀಲ ಅಲ್ಲ. ನಿಮ್ಮದೇ ಕೇಸ್ ನಡೆಯುತ್ತಿದ್ದರೆ ಇದನ್ನು ಓದಿ, ಆಮೇಲೆ ವಕೀಲರನ್ನು ಕೇಳಿ.

ದೂರು ಕೊಟ್ಟರೆ ಎಫ್‌ಐಆರ್ ಆದ ಹಾಗೇನಾ?

ಅಲ್ಲ. ದೂರು ನೀವು ಕೊಡುವುದು. ಎಫ್‌ಐಆರ್ ಪೊಲೀಸರು ದಾಖಲಿಸುವುದು. ಕನ್ನಡದಲ್ಲಿ ಪ್ರಥಮ ವರ್ತಮಾನ ವರದಿ. ಠಾಣೆಯ ಕಾಗದದಲ್ಲಿ "ಪ್ರ.ವ.ವ." ಎಂದು ಕಂಡರೆ ಇದೇ. ನೀವು ಬರೆದುಕೊಟ್ಟ ಅರ್ಜಿಗೆ ಸೀಲು ಹೊಡೆದು ಕೊಟ್ಟರೆ ಅದು ಬರೀ ಸ್ವೀಕೃತಿ. ಎಫ್‌ಐಆರ್‌ಗೆ ಅದರದೇ ಒಂದು ಅಪರಾಧ ಸಂಖ್ಯೆ ಇರುತ್ತದೆ, ಯಾವ ಸೆಕ್ಷನ್ ಅಂತ ಬರೆದಿರುತ್ತದೆ. ದೂರು ಕೊಟ್ಟವರಿಗೆ ಅದರ ಪ್ರತಿ ಬಿಟ್ಟಿಯಾಗಿ ಕೊಡಬೇಕು. ಕೇಳಿ ಪಡೆದುಕೊಳ್ಳಿ, ಸಂಕೋಚ ಬೇಡ.

ಸಂಜ್ಞೇಯ ಅಪರಾಧ, ಅಂದರೆ ಪೊಲೀಸರೇ ತನಿಖೆ ಶುರು ಮಾಡಬಹುದಾದ ಅಪರಾಧ, ನಡೆದಿದೆ ಎಂದು ದೂರಿನಲ್ಲೇ ಕಾಣುತ್ತಿದ್ದರೆ ಎಫ್‌ಐಆರ್ ಹಾಕಲೇಬೇಕು. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೀಗೆ ಹೇಳಿದೆ. 2024ರಲ್ಲಿ ಜಾರಿಗೆ ಬಂದ ಹೊಸ ಕಾನೂನು ಇದರಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟಿದೆ. ಶಿಕ್ಷೆ 3 ವರ್ಷದಿಂದ 7 ವರ್ಷದೊಳಗೆ ಇರುವ ಅಪರಾಧ ಆದರೆ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು.

ಫೋನು, ಇಮೇಲ್ ಮೂಲಕವೂ ದೂರು ಕೊಡಬಹುದು. ಆದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು.

"ಇದು ಎನ್‌ಸಿಆರ್ ಅಷ್ಟೇ" ಎಂದು ಕಳಿಸಿದರು. ಹಾಗಂದರೆ?

ಅಪರಾಧಗಳಲ್ಲಿ ಎರಡು ಜಾತಿ. ಸಂಜ್ಞೇಯ ಅಂದರೆ ಪೊಲೀಸರು ಯಾರನ್ನೂ ಕೇಳದೆ ತನಿಖೆ ಶುರು ಮಾಡಬಹುದು. ಕೊಲೆ, ದರೋಡೆ, ಸುಲಿಗೆ ಎಲ್ಲ ಇದರಲ್ಲಿ ಬರುತ್ತವೆ. ಅಸಂಜ್ಞೇಯ ಅಂದರೆ ಮ್ಯಾಜಿಸ್ಟ್ರೇಟ್ ಒಪ್ಪಿಗೆ ಇಲ್ಲದೆ ತನಿಖೆಗೆ ಕೈ ಹಾಕುವಂತಿಲ್ಲ. ಬೈಗುಳ, ಸಣ್ಣಪುಟ್ಟ ಹೊಡೆದಾಟ, ಮಾನನಷ್ಟ ಇಲ್ಲಿಗೆ ಸೇರುತ್ತವೆ. ಈ ಎರಡನೇ ಜಾತಿಯನ್ನು ಬರೆದಿಡುವುದೇ ಎನ್‌ಸಿಆರ್. ಒಂದೇ ಘಟನೆಯಲ್ಲಿ ಎರಡೂ ಬೆರೆತಿದ್ದರೆ ಇಡೀ ಕೇಸನ್ನು ಸಂಜ್ಞೇಯ ಎಂದೇ ನೋಡಬೇಕು. ಹಾಗಾಗಿ ದೂರಿನಲ್ಲಿ ನಡೆದಿದ್ದನ್ನೆಲ್ಲ ಬರೆಯಿರಿ. "ಬೈದರು" ಎಂದು ಬರೆದು "ಕತ್ತಿನ ಸರ ಕಿತ್ತುಕೊಂಡರು" ಎನ್ನುವುದನ್ನು ಬಿಟ್ಟವರನ್ನೂ ನೋಡಿದ್ದೇನೆ!

"ನಮ್ಮ ಲಿಮಿಟ್‌ಗೆ ಬರಲ್ಲ" ಅಂದರೆ ಏನು ಮಾಡುವುದು?

ಜೀರೋ ಎಫ್‌ಐಆರ್ ಕೇಳಿ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು. ಸೊನ್ನೆ ಸಂಖ್ಯೆಯಲ್ಲಿ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕೆಲಸ. ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವಾಗ ಬ್ಯಾಗ್ ಕಳವಾಯಿತು ಅಂದುಕೊಳ್ಳಿ. ತುಮಕೂರಿನಲ್ಲೋ ಹಾವೇರಿಯಲ್ಲೋ ಅಂತ ನೀವು ಪತ್ತೆ ಮಾಡಿಕೊಂಡು ಹೋಗಬೇಕಿಲ್ಲ.

ಏನೇ ಮಾಡಿದರೂ ಎಫ್‌ಐಆರ್ ತೆಗೆದುಕೊಳ್ಳುತ್ತಿಲ್ಲ. ಪಿಸಿಆರ್ ಹಾಕಿ ಅನ್ನುತ್ತಾರಲ್ಲ, ಏನದು?

ಮೊದಲು ದೂರನ್ನು ಬರಹದಲ್ಲಿ ಎಸ್‌ಪಿಗೆ ಕಳಿಸಬೇಕು. ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಕೆಲಸ ಆಗದಿದ್ದರೆ ನೇರ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು. ನಮ್ಮ ಕೋರ್ಟುಗಳಲ್ಲಿ ಅದಕ್ಕೆ ಪಿಸಿಆರ್ ಎಂದೇ ಹೆಸರು. ಮ್ಯಾಜಿಸ್ಟ್ರೇಟ್ ಎಫ್‌ಐಆರ್ ಹಾಕಿ ತನಿಖೆ ಮಾಡಿ ಎಂದು ಠಾಣೆಗೆ ಆದೇಶ ಕೊಡಬಹುದು. ಇಲ್ಲವೇ ತಾವೇ ನಿಮ್ಮ ಹೇಳಿಕೆ ಪಡೆದು ಮುಂದುವರಿಯಬಹುದು. ಚೆಕ್ ಬೌನ್ಸ್ ಕೇಸುಗಳೂ ಖಾಸಗಿ ದೂರಿನಿಂದಲೇ ಶುರುವಾಗುತ್ತವೆ. ಅದಕ್ಕೇ ಕೋರ್ಟಿನ ಕಾರಿಡಾರಿನಲ್ಲಿ ಪಿಸಿಆರ್ ಎನ್ನುವ ಮಾತು ಅಷ್ಟು ಜಾಸ್ತಿ ಕೇಳುತ್ತದೆ.

302, 420 ಎಲ್ಲಾ ಈಗ ಇಲ್ಲವಂತೆ. ಹೌದಾ?

ಹೌದು. 1860ರ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸಿಆರ್‌ಪಿಸಿ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಸಾಕ್ಷ್ಯ ಕಾಯ್ದೆ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮ. ಮೂರೂ 2024ರ ಜುಲೈ 1ರಿಂದ ಜಾರಿಗೆ ಬಂದವು.

ಕೊಲೆ 302 ಆಗಿತ್ತು, ಈಗ 103. ಕೊಲೆ ಯತ್ನ 307 ಆಗಿತ್ತು, ಈಗ 109. ವಂಚನೆಯ 420 ಈಗ 318(4). ಗಂಡನ ಮನೆಯವರ ಕಿರುಕುಳದ 498ಎ ಈಗ 85. ಅಜಾಗರೂಕತೆಯಿಂದ ಸಾವಿಗೆ ಕಾರಣ ಆಗುವ 304ಎ ಈಗ 106. ಹೊಸ ಸಂಹಿತೆಯಲ್ಲಿ ಒಟ್ಟು 358 ಸೆಕ್ಷನ್ ಅಷ್ಟೇ. ಹಾಗಾಗಿ 420 ಎನ್ನುವ ಸಂಖ್ಯೆಯೇ ಅದರಲ್ಲಿ ಇಲ್ಲ. "ಅವನೊಬ್ಬ ಫೋರ್ ಟ್ವೆಂಟಿ" ಎನ್ನುವ ಬೈಗುಳ ಮಾತ್ರ ನಮ್ಮಲ್ಲಿ ಉಳಿಯುತ್ತದೆ, ಅದನ್ನು ಯಾವ ಸಂಸತ್ತೂ ರದ್ದು ಮಾಡಲಾರದು.

ಗೊಂದಲ ಆಗುವುದು ಅದೇ ಸಂಖ್ಯೆ ಬೇರೆ ಅರ್ಥದಲ್ಲಿ ಬಂದಾಗ. ಈಗಿನ 302 ಧಾರ್ಮಿಕ ಭಾವನೆಗೆ ನೋವಾಗಲಿ ಎಂದೇ ಆಡುವ ಮಾತಿನ ಬಗ್ಗೆ ಇದೆ. ಹಳೆ ಸಿಆರ್‌ಪಿಸಿಯ 482 ಕೇಸ್ ರದ್ದು ಕೋರಿ ಹೈಕೋರ್ಟಿಗೆ ಹೋಗುವ ದಾರಿಯಾಗಿತ್ತು. ಹೊಸದರ 482 ನಿರೀಕ್ಷಣಾ ಜಾಮೀನು. ರದ್ದಿನ ಅರ್ಜಿ ಈಗ 528ಕ್ಕೆ ಹೋಗಿದೆ. ವಕೀಲರೇ ಒಮ್ಮೊಮ್ಮೆ ತಡವರಿಸುತ್ತಾರೆ, ನಾವು ಯಾವ ಲೆಕ್ಕ!

ಇನ್ನೊಂದು ವಿಷಯ. 2024ರ ಜುಲೈ 1ಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಹಳೆ ಐಪಿಸಿಯೇ ಅನ್ವಯ. ನಮ್ಮ ಬೀದಿಯ ಕಳ್ಳತನದ ಕೇಸ್ 2025ರಲ್ಲೂ ಐಪಿಸಿ ಸೆಕ್ಷನ್‌ಗಳಲ್ಲೇ ನಡೆಯಿತು. ಇನ್ನೂ ಹಲವು ವರ್ಷ ಪೇಪರಿನಲ್ಲಿ ಎರಡೂ ಸಂಖ್ಯೆಗಳು ಒಟ್ಟಿಗೆ ಕಾಣುತ್ತವೆ.

ಮಹಜರು, ಪಂಚನಾಮೆ, ಮುದ್ದೆಮಾಲು ಇವೆಲ್ಲ ಏನು?

ಇದು ನನ್ನ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಅಪರಾಧ ನಡೆದ ಜಾಗ ಹೇಗಿತ್ತು, ಏನೇನು ಸಿಕ್ಕಿತು, ಏನನ್ನು ವಶಪಡಿಸಿಕೊಂಡರು ಎಂದು ಅಲ್ಲೇ ನಿಂತು ಬರೆಯುವ ದಾಖಲೆಯೇ ಮಹಜರು. ಪಂಚನಾಮೆ ಅಂದರೂ ಅದೇ. ಬರೆಯುವುದು ಪೊಲೀಸರು, ನೋಡಿ ಸಹಿ ಹಾಕುವವರು ಪಂಚರು. ಮನೆ, ಅಂಗಡಿ ಶೋಧ ಮಾಡುವಾಗ ಆ ಜಾಗದ ಸುತ್ತಮುತ್ತಲ ಇಬ್ಬರಾದರೂ ಸ್ವತಂತ್ರ ವ್ಯಕ್ತಿಗಳು ಇರಬೇಕು ಅನ್ನುತ್ತದೆ ಕಾನೂನು. ಪೊಲೀಸರ ಮಾತಿಗೆ ಹೊರಗಿನವರ ಕಣ್ಣೂ ಇರಲಿ ಎನ್ನುವ ಉದ್ದೇಶ. ಈಗ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಕೂಡ ಮಾಡಬೇಕು.

ವಶಪಡಿಸಿಕೊಂಡ ವಸ್ತುಗಳೇ ಮುದ್ದೆಮಾಲು. ರಾಗಿ ಮುದ್ದೆಗೂ ಇದಕ್ಕೂ ನಂಟಿಲ್ಲ. ಕದ್ದ ಒಡವೆ, ಗಾಡಿ ಪತ್ತೆಯಾದರೂ ಠಾಣೆಯಿಂದ ನೇರ ಮನೆಗೆ ಬರುವುದಿಲ್ಲ. ಮುದ್ದೆಮಾಲು ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬೇಕು. ಬಿಲ್ಲು, ಆರ್‌ಸಿ, ಹಳೆ ಫೋಟೊ ಏನಾದರೂ ಇದ್ದರೆ ಆಗ ಬೇಕಾಗುತ್ತದೆ.

ಪಂಚನಾಗಿ ಸಹಿ ಹಾಕಲು ಕರೆದರೆ ಓಡಿಹೋಗಬೇಡಿ. ಸಕಾರಣ ಇಲ್ಲದೆ ನಿರಾಕರಿಸಿದರೆ ಅದೂ ತಪ್ಪೇ. ಆದರೆ ಓದದೆ ಸಹಿ ಹಾಕಬೇಡಿ. ಖಾಲಿ ಹಾಳೆಗಂತೂ ಬೇಡವೇ ಬೇಡ. ನಾನು ಮಾಡಿದ ತಪ್ಪು ಅದೇ, ಓದಿರಲಿಲ್ಲ. ಕೈಯಲ್ಲಿ ಹಾಲಿನ ಪ್ಯಾಕೆಟ್ ಇತ್ತು, ಮನೆಯಲ್ಲಿ ಕಾಫಿಗೆ ಕಾಯುತ್ತಿದ್ದರು.

ಸಮನ್ಸ್ ಬಂದರೆ ಅರೆಸ್ಟ್ ಮಾಡುತ್ತಾರಾ?

ಇಲ್ಲ. ಸಮನ್ಸ್ ಅಂದರೆ "ಈ ತಾರೀಖಿಗೆ ಕೋರ್ಟಿಗೆ ಬನ್ನಿ" ಎನ್ನುವ ಕರೆ. ಸಾಕ್ಷಿಗೂ ಬರುತ್ತದೆ, ಆರೋಪಿಗೂ ಬರುತ್ತದೆ. ಕಾಗದದಲ್ಲಿ ನಿಮ್ಮನ್ನು ಏನೆಂದು ಕರೆದಿದ್ದಾರೆ ಮೊದಲು ನೋಡಿ. ಸಾಕ್ಷಿ ಎಂದಿದ್ದರೆ ಅಮ್ಮನನ್ನು ದೇವರ ಮುಂದಿನಿಂದ ಎಬ್ಬಿಸಿ.

ಹೋಗದೆ ಕೂತರೆ ಮುಂದಿನದು ವಾರಂಟ್. ಅದರಲ್ಲಿ ಜಾಮೀನು ಸಹಿತ ವಾರಂಟ್ ಆದರೆ ಶ್ಯೂರಿಟಿ ಕೊಟ್ಟು ಬರಬಹುದು. ಅದಕ್ಕೂ ಬಗ್ಗದಿದ್ದರೆ ಜಾಮೀನು ರಹಿತ ವಾರಂಟ್, ಕೋರ್ಟಿನ ಮಾತಿನಲ್ಲಿ ಎನ್‌ಬಿಡಬ್ಲ್ಯು. ಆಗ ಪೊಲೀಸರು ಹಿಡಿದು ಕೋರ್ಟಿನ ಮುಂದೆ ನಿಲ್ಲಿಸುತ್ತಾರೆ. ಆರೋಪಿ ತಲೆಮರೆಸಿಕೊಂಡರೆ ಘೋಷಣೆ ಹೊರಡಿಸಿ ಆಸ್ತಿ ಜಪ್ತಿಗೂ ಹೋಗಬಹುದು. ಹುಷಾರಿಲ್ಲದೆ ಹೋಗಲಾಗದಿದ್ದರೆ ಸುಮ್ನೆ ಇರಬೇಡಿ, ವಕೀಲರ ಮೂಲಕವೋ ಪೊಲೀಸರ ಮೂಲಕವೋ ಕೋರ್ಟಿಗೆ ತಿಳಿಸಿ.

"ವಿಚಾರಣೆಗೆ ಬನ್ನಿ" ಎಂದು ಠಾಣೆಯಿಂದ ಫೋನ್ ಬಂದಿದೆ. ಇದು ಬಂಧನವಾ?

ಕನ್ನಡ ಪೇಪರಿನ ಒಂದು ತೊಂದರೆ ಇಲ್ಲಿದೆ. ಪೊಲೀಸರು ಪ್ರಶ್ನೆ ಕೇಳುವುದೂ ವಿಚಾರಣೆ, ಕೋರ್ಟಿನಲ್ಲಿ ಸಾಕ್ಷಿ ನಡೆಸುವುದೂ ವಿಚಾರಣೆ. ಮೊದಲನೆಯದು ತನಿಖೆಯ ಭಾಗ. ಎರಡನೆಯದು ಚಾರ್ಜ್‌ಶೀಟ್ ಆದ ಮೇಲೆ ನಡೆಯುವ ಟ್ರಯಲ್. "ವಿಚಾರಣೆ ಎದುರಿಸುತ್ತಿದ್ದಾರೆ" ಎಂದು ಓದಿದಾಗ ಯಾವುದು ಅಂತ ನೋಡಿಕೊಳ್ಳಬೇಕು.

ಪ್ರಶ್ನೆ ಕೇಳಲು ಕರೆಯುವುದು ಬಂಧನ ಅಲ್ಲ. ಬಂಧನದ ಅಗತ್ಯ ಇಲ್ಲ ಎಂದಾದಾಗ ಪೊಲೀಸರು ನಾಗರಿಕ ಸುರಕ್ಷಾ ಸಂಹಿತೆಯ 35(3) ನೋಟಿಸ್ ಕೊಡುತ್ತಾರೆ. ಹಳೆಯ ಹೆಸರು 41ಎ ನೋಟಿಸ್. ಅದಕ್ಕೆ ಸರಿಯಾಗಿ ಹಾಜರಾಗುತ್ತಿದ್ದರೆ ಸಾಮಾನ್ಯವಾಗಿ ಬಂಧಿಸುವಂತಿಲ್ಲ, ಬಂಧಿಸಲೇಬೇಕು ಅಂದರೆ ಕಾರಣ ಬರೆಯಬೇಕು. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಣ್ಣುಮುಚ್ಚಿ ಬಂಧಿಸಬೇಡಿ ಎಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. ಶಿಕ್ಷೆ 3 ವರ್ಷಕ್ಕಿಂತ ಕಡಿಮೆ ಇದ್ದು, ಆ ವ್ಯಕ್ತಿಗೆ 60 ದಾಟಿದ್ದರೆ ಅಥವಾ ಮೈಗೆ ಶಕ್ತಿ ಇಲ್ಲದಿದ್ದರೆ ಡಿವೈಎಸ್‌ಪಿ ದರ್ಜೆಯವರ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ.

ಬಂಧಿಸಿದರೆ ಕಾರಣ ಹೇಳಬೇಕು. ಮನೆಯವರಿಗೆ ತಿಳಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಬಂಧಿಸುವಂತಿಲ್ಲ. ತೀರಾ ಅನಿವಾರ್ಯ ಆದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟ್ ಅನುಮತಿ ಪಡೆದು ಬಂಧಿಸಬೇಕು.

ಡಿಜಿಟಲ್ ಅರೆಸ್ಟ್?

ಅಂಥದ್ದು ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕಾಲ್‌ನಲ್ಲಿ ಖಾಕಿ ಹಾಕಿಕೊಂಡು "ಕ್ಯಾಮೆರಾ ಮುಂದಿನಿಂದ ಏಳಬೇಡಿ" ಅನ್ನುವವನು ಕಳ್ಳ. ಕಾಲ್ ಕಟ್ ಮಾಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪೊಲೀಸ್ ಕಸ್ಟಡಿ ಮತ್ತು ನ್ಯಾಯಾಂಗ ಬಂಧನ ಬೇರೆ ಬೇರೆನಾ?

ತುಂಬ ಬೇರೆ. ಪೊಲೀಸ್ ಕಸ್ಟಡಿಯಲ್ಲಿ ಆರೋಪಿ ಠಾಣೆಯ ವಶದಲ್ಲಿ ಇರುತ್ತಾನೆ. ಪೊಲೀಸರು ಪ್ರಶ್ನಿಸಬಹುದು, ಸ್ಥಳಕ್ಕೆ ಕರೆದೊಯ್ಯಬಹುದು. ನ್ಯಾಯಾಂಗ ಬಂಧನ ಅಂದರೆ ಕೋರ್ಟಿನ ವಶ, ಇರುವುದು ಜೈಲಿನಲ್ಲಿ. ಬೆಂಗಳೂರಿನ ಕೇಸಾದರೆ "ಪರಪ್ಪನ ಅಗ್ರಹಾರ" ಎಂದು ಟಿವಿಯಲ್ಲಿ ಬರುತ್ತದಲ್ಲ, ಅದು. ಅಲ್ಲಿ ಪೊಲೀಸರು ಬೇಕೆಂದಾಗ ಹೋಗಿ ಪ್ರಶ್ನಿಸುವಂತಿಲ್ಲ, ಕೋರ್ಟಿನ ಅನುಮತಿ ಬೇಕು. "ಮುದ್ದೆ ಮುರಿಯೋಕೆ ಹೋಗಿದಾನೆ" ಎಂದು ಜನ ಆಡಿಕೊಳ್ಳುತ್ತಾರೆ. ಆದರೆ ಅಲ್ಲಿರುವ ಎಷ್ಟೋ ಜನರಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ. ಅವರು ವಿಚಾರಣಾಧೀನ ಕೈದಿಗಳು.

ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಮೊದಲು ಈ 15 ದಿನ ಬಂಧನದ ಆರಂಭದಲ್ಲೇ ಮುಗಿಯಬೇಕು ಎನ್ನುವ ಲೆಕ್ಕ ಇತ್ತು. ಈಗ ಕೇಸಿನ ಗಾತ್ರ ನೋಡಿ ಮೊದಲ 40 ಅಥವಾ 60 ದಿನದೊಳಗೆ ತುಂಡು ತುಂಡಾಗಿ ಕೇಳಬಹುದು. ನನ್ನ ಗೆಳೆಯನಿಗೆ ಇದು ಇಷ್ಟವಿಲ್ಲ. ಜೈಲಿಗೆ ಹೋದ ಮೇಲೂ ಮತ್ತೆ ಠಾಣೆಗೆ ಕರೆಸುತ್ತಾರೇನೋ ಎನ್ನುವ ಹೆದರಿಕೆ ತಲೆ ಮೇಲೆ ತೂಗುತ್ತಿರುತ್ತದೆ ಅನ್ನುತ್ತಾನೆ. ನನಗೂ ಹಾಗೇ ಅನಿಸುತ್ತದೆ.

ತನಿಖೆಗೂ ಗಡುವು ಇದೆ. ಮರಣದಂಡನೆ, ಜೀವಾವಧಿ, 10 ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗುತ್ತದೆ. ಇದೇ ಡಿಫಾಲ್ಟ್ ಜಾಮೀನು. ಆದರೆ ಅರ್ಜಿ ಹಾಕಬೇಕು. ಹಾಕುವ ಮುಂಚೆಯೇ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಕೈತಪ್ಪಿತು. ಒಂದು ದಿನದ ಆಟ ಇದು. ಭಯೋತ್ಪಾದನೆ ತಡೆಯ ಯುಎಪಿಎಯಂಥ ವಿಶೇಷ ಕಾನೂನುಗಳಲ್ಲಿ ಗಡುವನ್ನು 180 ದಿನಕ್ಕೆ ಎಳೆಯಬಹುದು.

ಜಾಮೀನು ಸಿಕ್ಕಿತು ಅಂದರೆ ಕೇಸ್ ಗೆದ್ದ ಹಾಗಾ?

ಅಲ್ಲವೇ ಅಲ್ಲ. ಆದರೂ ಜಾಮೀನು ಸಿಕ್ಕ ದಿನ ಹಾರ ಹಾಕಿ ಪಟಾಕಿ ಹೊಡೆಯುವುದನ್ನು ನೋಡುತ್ತೇವೆ! ಜಾಮೀನು ಅಂದರೆ "ಕರೆದಾಗ ಬರುತ್ತೇನೆ" ಎಂದು ಮಾತು ಕೊಟ್ಟು ಹೊರಗಿರುವುದು. ಕೇಸ್ ಅಲ್ಲೇ ಇರುತ್ತದೆ.

ಕೆಲವು ಅಪರಾಧ ಜಾಮೀನು ಪಡೆಯಬಹುದಾದವು. ಅವುಗಳಲ್ಲಿ ಜಾಮೀನು ಹಕ್ಕು, ಠಾಣೆಯಲ್ಲೇ ಕೊಡಬೇಕು. ಶ್ಯೂರಿಟಿ ತರಲು ಗತಿಯಿಲ್ಲದ ಬಡವರನ್ನು ಅವರ ಸ್ವಂತ ಮುಚ್ಚಳಿಕೆ ಮೇಲೇ ಬಿಡಬೇಕು. ಒಂದು ವಾರದಲ್ಲಿ ಶ್ಯೂರಿಟಿ ಸಿಗಲಿಲ್ಲ ಅಂದರೆ ಬಡವ ಎಂದೇ ತಿಳಿಯಬೇಕು ಎಂದು ಕಾನೂನು ಹೇಳುತ್ತದೆ. ಉಳಿದವು ಜಾಮೀನು ರಹಿತ. ಹಾಗೆಂದರೆ ಜಾಮೀನು ಸಿಗುವುದೇ ಇಲ್ಲ ಅಂತ ಅಲ್ಲ, ಕೊಡಬೇಕೋ ಬೇಡವೋ ಕೋರ್ಟ್ ತೀರ್ಮಾನಿಸುತ್ತದೆ ಅಂತ. ಹೆಸರೇ ದಾರಿ ತಪ್ಪಿಸುತ್ತದೆ.

ಬಂಧನ ಆಗುವ ಮುಂಚೆಯೇ ಭಯ ಇದ್ದರೆ ಸೆಷನ್ಸ್ ಕೋರ್ಟಿಗೋ ಹೈಕೋರ್ಟಿಗೋ ಹೋಗಿ ಕೇಳುವುದು ನಿರೀಕ್ಷಣಾ ಜಾಮೀನು. "ಮಧ್ಯಂತರ" ಎಂದಿದ್ದರೆ ಸದ್ಯಕ್ಕೆ ಕೊಟ್ಟಿದ್ದು, ಪೂರ್ತಿ ವಾದ ಇನ್ನೂ ಬಾಕಿ.

ಶ್ಯೂರಿಟಿ ನಿಲ್ಲುವವರ ಹತ್ತಿರ ನಮ್ಮಲ್ಲಿ ಸಾಮಾನ್ಯವಾಗಿ ಪಹಣಿ ಕೇಳುತ್ತಾರೆ. ಅದಕ್ಕೇ ಊರಿನ ಚಿಕ್ಕಪ್ಪನಿಗೆ "ಪಹಣಿ ತಗೊಂಡು ಬಾ" ಎಂದು ಫೋನ್ ಹೋಗುವುದು. ಚಿಕ್ಕಪ್ಪ ಒಂದು ವಿಷಯ ತಿಳಿದಿರಬೇಕು. ಆರೋಪಿ ಕೋರ್ಟಿಗೆ ಬರದೆ ಓಡಿಹೋದರೆ ಬಾಂಡಿನ ದುಡ್ಡನ್ನು ಚಿಕ್ಕಪ್ಪನ ಹತ್ತಿರ ವಸೂಲಿ ಮಾಡಬಹುದು. ದಾಕ್ಷಿಣ್ಯಕ್ಕೆ ಸಹಿ ಹಾಕಬೇಡಿ.

ವರ್ಷಗಟ್ಟಲೆ ಜೈಲಿನಲ್ಲೇ ಕೊಳೆಯುವವರಿಗೂ ಒಂದು ದಾರಿ ಇದೆ. ಆ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣಾಧೀನನಾಗಿಯೇ ಕಳೆದಿದ್ದರೆ ಜಾಮೀನು. ಹಿಂದೆ ಯಾವತ್ತೂ ಶಿಕ್ಷೆ ಆಗಿಲ್ಲದಿದ್ದರೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದಿಲ್ಲ. ಬೇರೆ ಕೇಸುಗಳೂ ಬಾಕಿ ಇದ್ದರೆ ಕಷ್ಟ.

ಚಾರ್ಜ್‌ಶೀಟ್, ಬಿ ರಿಪೋರ್ಟ್, ಸಿ ರಿಪೋರ್ಟ್. ಇವು ಏನು?

ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ವರದಿಗಳು. ಸಾಕ್ಷ್ಯ ಸಿಕ್ಕಿದೆ, ಇವರೇ ಮಾಡಿದ್ದು ಎಂದರೆ ಚಾರ್ಜ್‌ಶೀಟ್, ಅಂದರೆ ದೋಷಾರೋಪಣ ಪಟ್ಟಿ. ಆರೋಪಿಗೆ ಅದರ ಪ್ರತಿ ಉಚಿತ. ಅದರಲ್ಲಿ ಎ1, ಎ2 ಎಂದು ಹೆಸರಿನ ಮುಂದೆ ಇರುವುದು ಬರೀ ಕ್ರಮಸಂಖ್ಯೆ. ಎ1 ಅಂದಾಕ್ಷಣ ದೊಡ್ಡ ಅಪರಾಧಿ ಅಂತಲ್ಲ.

ದೂರು ಸುಳ್ಳು ಅಥವಾ ಸಾಕ್ಷ್ಯ ಇಲ್ಲ ಎಂದರೆ ಬಿ ರಿಪೋರ್ಟ್. ಅಪರಾಧ ನಡೆದಿದೆ, ಮಾಡಿದ್ದು ಯಾರು ಎಂದು ಪತ್ತೆಯಾಗಲಿಲ್ಲ ಎಂದರೆ ಸಿ ರಿಪೋರ್ಟ್. ಬಿ ರಿಪೋರ್ಟ್ ಬಂದರೆ ಕತೆ ಮುಗಿಯಿತು ಎಂದು ಬಹಳ ಜನ ಕೈಚೆಲ್ಲುತ್ತಾರೆ. ಹಾಗಲ್ಲ. ಅದನ್ನು ಒಪ್ಪುವ ಮುಂಚೆ ಮ್ಯಾಜಿಸ್ಟ್ರೇಟ್ ದೂರುದಾರರಿಗೆ ನೋಟಿಸ್ ಕೊಡಬೇಕು. 1985ರ ಭಗವಂತ ಸಿಂಗ್ ತೀರ್ಪಿನಿಂದ ಬಂದ ನಿಯಮ ಇದು. ಆಗ ನೀವು ತಕರಾರು ಅರ್ಜಿ ಹಾಕಬಹುದು. ಮ್ಯಾಜಿಸ್ಟ್ರೇಟ್ ಬಿ ರಿಪೋರ್ಟ್ ತಿರಸ್ಕರಿಸಿ ಮುಂದುವರಿದ ಉದಾಹರಣೆಗಳು ಬೇಕಾದಷ್ಟಿವೆ.

ಯುಡಿಆರ್?

ಅಸಹಜ ಸಾವಿನ ವರದಿ. ನೇಣು, ನೀರಿಗೆ ಬಿದ್ದದ್ದು, ಹಾವು ಕಚ್ಚಿದ್ದು ಇಂಥ ಸಾವುಗಳಲ್ಲಿ ಬರೆಯುತ್ತಾರೆ. ಯಾರ ಮೇಲೂ ಆರೋಪ ಅಲ್ಲ. ತನಿಖೆಯಲ್ಲಿ ಅಪರಾಧ ಕಂಡರೆ ಆಮೇಲೆ ಎಫ್‌ಐಆರ್.

"ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ" ಎಂದು ಪೇಪರಿನಲ್ಲಿ ಬಂತು. ಇನ್ನೇನು ಬೇಕು?

ಬೇಕಾದ್ದು ಬಹಳ ಇದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯ ಆಗುವುದಿಲ್ಲ. ಹೊಡೆದು ಬಡಿದು ಒಪ್ಪಿಸಬಾರದು ಎಂದು ಬ್ರಿಟಿಷರ ಕಾಲದಿಂದಲೂ ಇರುವ ಕಟ್ಟು ಇದು. ಒಂದು ವಿನಾಯಿತಿ ಇದೆ. ಅವನು ಹೇಳಿದ ಮಾತಿನಿಂದ ಹೊಸ ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ನಡೆಯುತ್ತದೆ. "ಚಾಕುವನ್ನು ಬಾವಿಗೆ ಎಸೆದೆ" ಎಂದ, ಬಾವಿಯಲ್ಲಿ ಚಾಕು ಸಿಕ್ಕಿತು. ಅಷ್ಟು ಮಾತ್ರ. ಮ್ಯಾಜಿಸ್ಟ್ರೇಟ್ ಮುಂದೆ, ಒತ್ತಾಯ ಇಲ್ಲದೆ ಕೊಟ್ಟ ಹೇಳಿಕೆಗೆ ಬೇರೆ ತೂಕ. ಅದನ್ನೇ "164 ಹೇಳಿಕೆ" ಅನ್ನುತ್ತಿದ್ದರು, ಈಗ ಸೆಕ್ಷನ್ 183.

ಮಂಪರು ಪರೀಕ್ಷೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಆರೋಪಿಯ ಒಪ್ಪಿಗೆ ಇಲ್ಲದೆ ಮಂಪರು, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಆ ಪ್ರಕರಣದ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ.

ಆರೋಪಿ, ಅಪರಾಧಿ, ಖುಲಾಸೆ, ಡಿಸ್ಚಾರ್ಜ್, ಕ್ವಾಶ್?

ಕೋರ್ಟ್ ತೀರ್ಪು ಕೊಡುವವರೆಗೆ ಆರೋಪಿ. ತಪ್ಪು ಸಾಬೀತಾದ ಮೇಲೆ ಮಾತ್ರ ಅಪರಾಧಿ. ಟಿವಿಯವರಿಗೆ ಈ ಎರಡರ ನಡುವೆ ಒಂದು ಗಂಟೆಯೂ ಬೇಕಾಗುವುದಿಲ್ಲ, ಕೋರ್ಟಿಗೆ ಹತ್ತು ವರ್ಷ ಬೇಕಾಗಬಹುದು.

ಕೇಸ್ ಮುಗಿಯುವ ದಾರಿಗಳು ಬೇರೆ ಬೇರೆ. ವಿಚಾರಣೆಗೆ ಮುಂಚೆಯೇ, ಕಾಗದ ನೋಡಿ ಇದರಲ್ಲಿ ಆರೋಪ ಹೊರಿಸುವಷ್ಟು ಹುರುಳಿಲ್ಲ ಎಂದು ಅದೇ ಕೋರ್ಟ್ ಕೈಬಿಟ್ಟರೆ ಡಿಸ್ಚಾರ್ಜ್. ಕೇಸನ್ನೇ ಹೈಕೋರ್ಟ್ ರದ್ದು ಮಾಡಿದರೆ ಕ್ವಾಶ್. ನಮಗೆ ಬೆಂಗಳೂರು, ಧಾರವಾಡ, ಕಲಬುರಗಿ ಮೂರು ಕಡೆ ಹೈಕೋರ್ಟ್ ಪೀಠ ಇವೆ. ಪೂರ್ತಿ ವಿಚಾರಣೆ ನಡೆದು ತಪ್ಪು ಸಾಬೀತಾಗದಿದ್ದರೆ ಖುಲಾಸೆ. ಸಂಶಯದ ಲಾಭ ಕೊಟ್ಟು ಖುಲಾಸೆ ಎಂದಿದ್ದರೂ ಅದು ಖುಲಾಸೆಯೇ, ಶಿಕ್ಷೆ ಇಲ್ಲ. ಅದರ ಮೇಲೆ ಮೇಲ್ಮನವಿ ಹಾಕಬಹುದು ಅನ್ನುವುದು ಬೇರೆ ಮಾತು.

ಹೊರಗೇ ರಾಜಿ ಮಾಡಿಕೊಂಡರೆ ಕೇಸ್ ಹೋಗುತ್ತದಾ?

ತಾನಾಗಿ ಹೋಗುವುದಿಲ್ಲ. ಕ್ರಿಮಿನಲ್ ಕೇಸ್ ಸಾಮಾನ್ಯವಾಗಿ ನಿಮ್ಮ ಹೆಸರಿನಲ್ಲಲ್ಲ, ರಾಜ್ಯದ ಹೆಸರಿನಲ್ಲಿ ನಡೆಯುತ್ತದೆ. ವಾದಿಸುವವರೂ ಸರ್ಕಾರಿ ಅಭಿಯೋಜಕರು. ಸಣ್ಣ ಗಾಯ, ಮಾನನಷ್ಟದಂಥ ಕೆಲವನ್ನು ಕೋರ್ಟಿನ ಮುಂದೆ ಬಂದು ರಾಜಿ ಮಾಡಿಕೊಳ್ಳಬಹುದು. ಕೊಲೆ, ಅತ್ಯಾಚಾರ ರಾಜಿಯಾಗುವಂಥವಲ್ಲ. ಊರ ಪಂಚಾಯ್ತಿಕಟ್ಟೆಯಲ್ಲಿ ಯಾರು ಏನೇ ಹೇಳಿದರೂ ಅಷ್ಟೇ.

ಜೀವಾವಧಿ ಅಂದರೆ 14 ವರ್ಷ ತಾನೆ? ಹಗಲು ರಾತ್ರಿ ಬೇರೆ ಬೇರೆ ಎಣಿಸುತ್ತಾರಂತೆ!

ಎರಡೂ ಕಟ್ಟುಕತೆ. ಜೀವಾವಧಿ ಅಂದರೆ ಜೀವ ಇರುವವರೆಗೆ. ಗೋಪಾಲ ಗೋಡ್ಸೆ ಪ್ರಕರಣದಲ್ಲಿ 1961ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. 14 ಎಲ್ಲಿಂದ ಬಂತು ಅಂದರೆ, ಕೊಲೆಯಂಥ ಅಪರಾಧಕ್ಕೆ ಜೀವಾವಧಿ ಆದವರಿಗೆ ಸರ್ಕಾರ ಶಿಕ್ಷೆ ಮಾಫಿ ಮಾಡಿ ಬಿಡಬೇಕಾದರೂ ಕನಿಷ್ಠ 14 ವರ್ಷ ಒಳಗಿರಲೇಬೇಕು. ಅದು ಕೆಳಗಿನ ಮಿತಿ, ಬಿಡುಗಡೆಯ ತಾರೀಖಲ್ಲ. "ಸನ್ನಡತೆ ಆಧಾರದ ಮೇಲೆ ಬಿಡುಗಡೆ" ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಅದು ಸರ್ಕಾರ ತೀರ್ಮಾನಿಸಿದರೆ ಮಾತ್ರ. ಹಗಲು ರಾತ್ರಿ ಲೆಕ್ಕ ಯಾರು ಕಟ್ಟಿದರೋ ಗೊತ್ತಿಲ್ಲ, ನಮ್ಮ ತಾತ ಕೂಡ ಇದನ್ನೇ ಹೇಳುತ್ತಿದ್ದರು.

ಪರೋಲ್ ಅಂದರೆ ಬಿಡುಗಡೆ ಅಲ್ಲ, ರಜೆ. ಸಾವು, ಕಾಯಿಲೆ, ಮದುವೆ ಇಂಥದ್ದಕ್ಕೆ ಕೆಲವು ದಿನ ಬಿಟ್ಟು ಮತ್ತೆ ಒಳಗೆ ಹಾಕುತ್ತಾರೆ.

ಹೊಸದಾಗಿ ಬಂದ ಶಿಕ್ಷೆ ಒಂದಿದೆ, ಸಮುದಾಯ ಸೇವೆ. 5,000 ರೂಪಾಯಿಗಿಂತ ಕಡಿಮೆಯ ಕಳವು, ಅದೂ ಮೊದಲ ಸಲ ಶಿಕ್ಷೆ ಆಗುತ್ತಿದ್ದು ಮಾಲು ವಾಪಸ್ ಕೊಟ್ಟಿದ್ದರೆ, ಜೈಲಿನ ಬದಲು ಸಂಬಳವಿಲ್ಲದ ಸಾರ್ವಜನಿಕ ಕೆಲಸ.

ರೌಡಿ ಶೀಟ್, ಗಡಿಪಾರು, ಮುಚ್ಚಳಿಕೆ?

ಇವು ಮೂರೂ ಶಿಕ್ಷೆ ಅಲ್ಲ, ಮುನ್ನೆಚ್ಚರಿಕೆ. ರೌಡಿ ಶೀಟ್ ಅಂದರೆ ಠಾಣೆಯಲ್ಲಿ ಒಬ್ಬನ ಮೇಲೆ ಕಣ್ಣಿಡಲು ತೆರೆದ ಕಡತ. ಕರ್ನಾಟಕ ಪೊಲೀಸ್ ಕೈಪಿಡಿಯಲ್ಲಿ ಅದಕ್ಕೆ ನಿಯಮ ಇದೆ. ಗಡಿಪಾರು ಅಂದರೆ ಜಿಲ್ಲೆಯಿಂದಲೋ ನಗರದಿಂದಲೋ ಇಷ್ಟು ಕಾಲ ಹೊರಗಿರು ಎನ್ನುವ ಆದೇಶ. ಚುನಾವಣೆ, ಗಣೇಶ ಹಬ್ಬ ಬಂದಾಗ ಇದರ ಸುದ್ದಿ ಜಾಸ್ತಿ. ಮುಚ್ಚಳಿಕೆ ಅಂದರೆ "ಗಲಾಟೆ ಮಾಡುವುದಿಲ್ಲ" ಎಂದು ತಹಶೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಮುಂದೆ ಬರೆದುಕೊಡುವ ಬಾಂಡ್.

ಹುಡುಗರು ತಪ್ಪು ಮಾಡಿದರೆ?

18 ತುಂಬದವರನ್ನು ಆರೋಪಿ ಅನ್ನುವುದಿಲ್ಲ, "ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಗು" ಅನ್ನುತ್ತಾರೆ. ಲಾಕಪ್ಪಿಗೆ, ಜೈಲಿಗೆ ಹಾಕುವಂತಿಲ್ಲ. ಬಾಲನ್ಯಾಯ ಮಂಡಳಿ ನೋಡುತ್ತದೆ. 16 ದಾಟಿದವರು ಘೋರ ಅಪರಾಧ ಮಾಡಿದ್ದರೆ ದೊಡ್ಡವರಂತೆ ವಿಚಾರಣೆ ಮಾಡಬೇಕೋ ಎಂದು ಮಂಡಳಿ ಮೊದಲು ಪರಿಶೀಲಿಸುತ್ತದೆ.

ನಮ್ಮ ಕೇಸ್ ಎಲ್ಲಿದೆ ಎಂದು ನೋಡುವುದು ಹೇಗೆ? ವಕೀಲರಿಗೆ ದುಡ್ಡಿಲ್ಲ, ಏನು ಮಾಡುವುದು?

ಕೇಸಿಗೆ ಸಿಎನ್‌ಆರ್ ಎನ್ನುವ 16 ಅಕ್ಷರ, ಅಂಕಿಗಳ ಗುರುತು ಇರುತ್ತದೆ. ಅದನ್ನು ಇ-ಕೋರ್ಟ್ಸ್ ಜಾಲತಾಣದಲ್ಲೋ ಆ್ಯಪಿನಲ್ಲೋ ಹಾಕಿದರೆ ಮುಂದಿನ ವಾಯಿದೆ ಯಾವಾಗ, ಹಿಂದಿನ ಸಲ ಏನಾಯಿತು ಎಲ್ಲ ಕಾಣುತ್ತದೆ. ಠಾಣೆಯ ಅಪರಾಧ ಸಂಖ್ಯೆ, ಕೋರ್ಟಿನ ಸಿಸಿ ಸಂಖ್ಯೆ, ಸೆಷನ್ಸ್‌ಗೆ ಹೋದ ಮೇಲಿನ ಎಸ್‌ಸಿ ಸಂಖ್ಯೆ ಮೂರೂ ಬೇರೆ. ಒಂದೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಉಚಿತ ವಕೀಲರಿಗೆ ತಾಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ, ಕೋರ್ಟಿನ ಆವರಣದಲ್ಲೇ ಇರುತ್ತದೆ. 15100ಕ್ಕೆ ಫೋನ್ ಕೂಡ ಮಾಡಬಹುದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಕಸ್ಟಡಿಯಲ್ಲಿ ಇರುವವರಿಗೆ ಆದಾಯದ ಲೆಕ್ಕ ಇಲ್ಲದೆ ಈ ನೆರವು ಸಿಗುತ್ತದೆ.

ಸಾಕ್ಷಿ ಹಾಸ್ಟೈಲ್ ಆದ ಅಂದರೇನು? ನಿಮ್ಮ ಸಾಕ್ಷಿ ಏನಾಯಿತು?

ಪೊಲೀಸರಿಗೆ ಒಂದು ಹೇಳಿ ಕೋರ್ಟಿನಲ್ಲಿ ಇನ್ನೊಂದು ಹೇಳಿದರೆ, ಕರೆದವರೇ ಅವನನ್ನು ಪಾಟಿಸವಾಲು ಮಾಡಲು ಅನುಮತಿ ಕೇಳುತ್ತಾರೆ. ಅದೇ ಪ್ರತಿಕೂಲ ಸಾಕ್ಷಿ, ಆಡುಮಾತಿನಲ್ಲಿ ಉಲ್ಟಾ ಹೊಡೆಯುವುದು. ಹಾಗಾದಾಗ ಅವನ ಮಾತೆಲ್ಲ ಕಸದ ಬುಟ್ಟಿಗೆ ಹೋಗುವುದಿಲ್ಲ, ನಂಬುವಷ್ಟನ್ನು ಕೋರ್ಟ್ ತೆಗೆದುಕೊಳ್ಳಬಹುದು. ಬೇಕೆಂದೇ ಸುಳ್ಳು ಸಾಕ್ಷಿ ಹೇಳಿದರೆ 7 ವರ್ಷದವರೆಗೆ ಶಿಕ್ಷೆ ಇದೆ.

ನನ್ನ ಸರದಿ ಮಧ್ಯಾಹ್ನ ಬಂತು. ಕಟಕಟೆ ಹತ್ತಿ ಪ್ರಮಾಣ ಮಾಡಿದೆ. ಸಹಿ ನಂದೇ ಅಂದೆ. ಮುರಿದ ಬೀಗ ನೋಡಿದ್ದೆ ಅಂದೆ. ಆರೋಪಿ ಪರ ವಕೀಲರು ಎದ್ದು ಒಂದೇ ಪ್ರಶ್ನೆ ಕೇಳಿದರು. "ಅದರಲ್ಲಿ ಏನು ಬರೆದಿದೆ ಅಂತ ಓದಿದ್ರಾ?"

"ಇಲ್ಲ ಸಾರ್" ಅಂದೆ. ಟೈಪಿಸ್ಟ್ ಅದನ್ನೂ ಟೈಪ್ ಮಾಡಿದರು.